ಮೂರನೆಯ ಬಟ್ಟಲು

ಮೂರು ಬಟ್ಟಲು ಯಾಕೆ, ಬಂದವರು ಇಬ್ಬರು, ನಾನು ಮತ್ತು ಮಗಳು ಶೀಲಾ, ಇವಳು ತರಹೇಳಿದ್ದೂ ಎರಡೇ, ನನ್ನ ಕಿವಿಯಾರೆ ಕೇಳಿದ್ದೇನೆ, ಆದರೆ ಹೋಟೆಲಿನ ಟೇಬಲ್ಲಿನ ಮೇಲೆ ಮೂರು ಬಟ್ಟಲು, ಮೂರು ಚಮಚ, ಮೂರು ಗ್ಲಾಸು ನೀರು, ಮಗಳು ಮಾತ್ರ ಏನೂ ಕಾಣದವಳಂತೆ ನಿಂಬೆಹಣ್ಣು ಹಿಂಡುತ್ತಿದ್ದಾಳೆ — ಯಾರೋ ಬರುವವರಿದ್ದಾರೆ. ಅದಕ್ಕೇ ಇರಬೇಕು ಬೆಳಿಗ್ಗೆ ನಾನು ಹೈದರಾಬಾದಿನಲ್ಲಿ ಬಸ್ಸಿಳಿದ ಕೂಡಲೇ ಅವ್ವಾ ಮಧ್ಯಾಹ್ನ ಹೊರಗ ಉಣ್ಣೂನು ಅಂದದ್ದು, ಶಹಾಪುರದಿಂದ ತೊಡೆಯ ಮೇಲಿಟ್ಟುಕೊಂಡು ತಂದ ರೊಟ್ಟಿ, ಪುಂಡಿಪಲ್ಲೆ ಹಾಸ್ಟೆಲ್ಲಿನ ಮಂಚದ ಕೆಳಗೇ ಉಳಿಯಿತು, ಬರ್ಮಾ ದೇಶದ ಊಟ ಅವ್ವಾ, ಭಾಳ ಸಸ್ತಾ, ನನಗ ಭಾಳ ಸೇರ್ತದ, ವಾರಕ್ಕ ನಾಕು ಸಲ ಬರ್ತೀನಿ. ನಾಲ್ಕು ಸಲ! ಫೋನಿನಲ್ಲಿ ಕೇಳಿದಾಗಲೆಲ್ಲ ಮೆಸ್ಸಿನಾಗ ಉಂಡೀನಿ ಎನ್ನುವವಳು — ಒಂದು ಸುಳ್ಳು ಸಿಕ್ಕಿತು, ಒಂದು ಸಿಕ್ಕರೆ ಹಿಂದೆ ಇನ್ನೊಂದಿರುತ್ತದೆ, ಭೀಮರಾಯನಗುಡಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ಹದಿನಾಲ್ಕು ವರ್ಷ ಕಳೆದವಳು ನಾನು, ಅಕ್ಕಿಯಲ್ಲಿ ಒಂದು ಹುಳ ಕಂಡರೆ ಇಡೀ ಮೂಟೆ ಜರಡಿ ಹಿಡಿಯುತ್ತೇನೆ. ಬಾಗಿಲು ತೆರೆಯಿತು, ಗಡ್ಡದವನು, ಕೈಯಲ್ಲಿ ಹೆಲ್ಮೆಟ್ಟು, ಈ ಕಡೆಗೇ ನೋಡಿದ, ಇವನೇನಾ — ಅಲ್ಲ, ಪಾರ್ಸೆಲ್ ಹಿಡಿದು ಹೋದ. ನಮ್ಮ ಶಾಲೆಯ ಉಮಾಶ್ರೀ ಟೀಚರು ಸುಮ್ಮನೆ ಹೇಳಲಿಲ್ಲ, ಸುಂದ್ರಮ್ಮಾ, ನರ್ಸ್ ಕೆಲಸಕ್ಕ ಸೇರಿ ಎರಡು ವರ್ಷ ಆತು, ಈ ಸಲ ಊರ ಕಡೆ ತಲಿನೂ ಹಾಕಲಿಲ್ಲಲ್ಲ ನಿನ್ನ ಮಗಳು, ಒಮ್ಮಿ ಹೋಗಿ ನೋಡಿ ಬಾ. ಮಳೆಗಾಲದಲ್ಲಿ ಹತ್ತು ಹದಿನೈದು ದಿನ ಫೋನೇ ಸರಿಯಾಗಿ ಎತ್ತಲಿಲ್ಲ, ಡಬಲ್ ಡ್ಯೂಟಿ ಅದವ್ವಾ, ಆಮ್ಯಾಲೆ ಮಾಡ್ತೀನಿ, ದನಿ ಅಷ್ಟು ಸಣ್ಣಗೆ, ಮಗ್ಗುಲಲ್ಲಿ ಯಾರೋ ಇದ್ದಾರೆ, ಅದಕ್ಕೇ ಪಿಸುಗುಡುತ್ತಾಳೆ ಅಂದುಕೊಂಡು ಬೈದೆ, ನಿಮ್ಮಪ್ಪ ಇಲ್ಲಂತ ಹಿಂಗ ಮಾಡ್ತೀಯೇನು — ಫೋನು ಕಟ್ಟಾಯಿತು.

ಉಣ್ಣವ್ವಾ, ಆರ್ತದ. ಯಾರು ಬರೋರು ಇದ್ದಾರ, ನಾನು ಕೇಳಿದೆ. ಬರ್ತಾರ ತಡಿ, ನಿನಗ ತೋರಸಬೇಕಂತನೇ ಕರಕೊಂಡು ಬಂದೀನಿ. ತೋರಿಸಬೇಕಂತೆ, ನೋಡು, ನಾನಂದದ್ದೇ ಆಯಿತು, ಎಲ್ಲಾ ಮುಗಿಸಿ ಈಗ ತೋರಿಸುವುದು. ಬಟ್ಟಲಲ್ಲಿ ದಾರದಂಥ ಶಾವಿಗೆ, ಮೇಲೆ ಹಳದಿ ಸಾರು, ಸೀಳಿದ ತತ್ತಿ, ಕರಿದ ಉಳ್ಳಾಗಡ್ಡಿ, ಮೂಗು ಹತ್ತಿರ ಒಯ್ದೆ, ಟೆಂಗಿನಹಾಲು, ಅದರಡಿ ಕಡ್ಲಿಹಿಟ್ಟು, ಹೌದು ಕಡ್ಲಿಹಿಟ್ಟೇ, ನಮ್ಮ ಜುಣಕದ ಪಲ್ಲೆಗೆ ಹಾಕುವಂಥದ್ದು, ಇಲ್ಲಿ ಯಾಕೆ ಬಂತು. ಗೋಡೆಯ ಮೇಲೆ ಬುದ್ಧನೂ ಇದ್ದಾನೆ, ಮುಂದೆ ಪುಟ್ಟ ಬಟ್ಟಲಲ್ಲಿ ಅನ್ನ, ನಮ್ಮ ಮನೆಯ ಬುದ್ಧನಿಗೆ ಹೂವು, ಮೇಣದಬತ್ತಿ ಅಷ್ಟೇ, ಬುದ್ಧನಿಗೆ ಅನ್ನ ಇಟ್ಟದ್ದು ನಾನು ಕಂಡಿಲ್ಲ, ನಮ್ಮವರಂತೆ ತೋರಿಸಿಕೊಂಡು ಮಗಳನ್ನು ಒಳಗೆ ಹಾಕಿಕೊಂಡರೋ ಏನೋ — ಅಡುಗೆಮನೆಯ ಪರದೆ ಸರಿಯಿತು, ಒಬ್ಬ ಹೆಂಗಸು, ನನ್ನದೇ ವಯಸ್ಸು, ಕೆನ್ನೆಗೆ ಗಂಧದಂಥದ್ದೇನೋ ತೇಯ್ದು ಹಚ್ಚಿದ್ದಾಳೆ, ಕೈ ಒರೆಸಿಕೊಂಡು ಸೀದಾ ಬಂದಳು, ಮೂರನೆಯ ಕುರ್ಚಿ ಎಳೆದಳು, ಕೂರುವ ಮೊದಲು ಅಂಗೈ ತಿರುವಿ ಅದರ ಹಿಂಭಾಗವನ್ನು ಶೀಲಾಳ ಹಣೆಗೆ ಇಟ್ಟಳು. ಅಬ್ ಬುಖಾರ್ ನೈ ನಾ ಬೇಟಾ.

ಬುಖಾರ್. ತವರೂರು ಕೆಂಭಾವಿಯಲ್ಲಿ ಹಜರಾಬೀ ಮನೆಯ ಮಗ್ಗುಲಲ್ಲೇ ಬೆಳೆದವಳು ನಾನು, ಬುಖಾರ್ ಅಂದರೆ ಜ್ವರ ಅಂತ ಯಾರೂ ಹೇಳಿಕೊಡಬೇಕಿಲ್ಲ, ಯಾವ ಜ್ವರ, ಯಾವಾಗ. ಮಳಿಗಾಲದಾಗ ಡೆಂಗಿ ಆಗಿತ್ತವ್ವಾ, ನಮ್ಮ ದವಾಖಾನಿಯಾಗೇ ಹತ್ತು ದಿನ ಮಲಗಿದ್ದೆ, ನೀ ಹೌಹಾರ್ತಿ ಅಂತ ಹೇಳಲಿಲ್ಲ, ಈ ಹೋಟೆಲಿನ ಮಾಸೀನೇ ದಿನಾ ಎರಡು ಹೊತ್ತು ಡಬ್ಬಿ ತಂದು ಉಣಿಸ್ಯಾರ, ಈಗಲೂ ಬಂದಾಗೆಲ್ಲ ಹಿಂಗೇ ಹಣಿ ಮುಟ್ಟಿ ನೋಡ್ತಾರ. ಹತ್ತು ದಿನ — ಆ ಸಣ್ಣ ದನಿ, ಮಗ್ಗುಲಲ್ಲಿ ಯಾರೋ ಇದ್ದಾರೆ ಅಂದುಕೊಂಡದ್ದು ಸುಳ್ಳಲ್ಲ, ಇದ್ದರು, ಇವಳಿದ್ದಳು, ಚಮಚ ಹಿಡಿದು. ಯಾಕೆ ಮಾಡಿದಳು, ಯಾರೂ ಪುಕ್ಕಟೆ ಮಾಡುವುದಿಲ್ಲ, ಮದುವೆಗೆ ಬಂದ ಮಗನಿರಬೇಕು, ಕೇಳಿಯೇ ಬಿಟ್ಟೆ, ಆಪ್‌ಕು ಬೇಟಾ ಹೈ ಕ್ಯಾ? ನಕ್ಕಳು, ಕೋಯಿ ನೈ, ಮೈ ಅಕೇಲಿ. ಯಾರೂ ಇಲ್ಲ, ಒಬ್ಬಳೇ. ಇನ್ನು ಯಾವುದನ್ನು ಹಿಡಿದು ಸಂಶಯಪಡಲಿ, ಶುಕ್ರಿಯಾ ಅನ್ನಬೇಕು, ಅಂದೆ, ಅವಳು ತಲೆಯಾಡಿಸಿ ತನ್ನ ಬಟ್ಟಲಿನ ತತ್ತಿಯನ್ನು ನನ್ನ ಬಟ್ಟಲಿಗೆ ಹಾಕಿದಳು. ಕೈ ಚಾಚಿ ನಾನೂ ಮಗಳ ಹಣೆ ಮುಟ್ಟಿದೆ, ತಣ್ಣಗಿದೆ, ಜ್ವರ ಇಲ್ಲವ್ವಾ, ಹೋಗಿ ನಾಕು ತಿಂಗಳಾತು, ಎಲ್ಲಾರೂ ನೋಡಾಕತ್ತಾರ, ಅನ್ನುತ್ತ ತುಸು ಹಿಂದೆ ಸರಿದಳು, ಸಿಟ್ಟಿನಿಂದಲ್ಲ, ಸುಮ್ಮನೆ. ಆ ಹೆಂಗಸು ಮುಟ್ಟಿದಾಗ ಹೀಗೆ ಅನ್ನಲಿಲ್ಲ. ಸಾರು ರುಚಿಯಾಗಿದೆ, ನಿಜ ಹೇಳಬೇಕು, ಇನ್ನೆರಡು ತುತ್ತು ತಿಂದೆ, ಕಡ್ಲಿಹಿಟ್ಟನ್ನು ಹುರಿದೇ ಹಾಕಿದ್ದಾಳೆ — ಅವಳು ಅಂಗೈ ತಿರುವಿ ಹಣೆಗೆ ಇಟ್ಟಾಗ ಶೀಲಾ ಏನೂ ಅನ್ನಲಿಲ್ಲ, ಸರಿಯಲೂ ಇಲ್ಲ, ಆ ಕೈ, ಬೆರಳಿಗೆ ಇನ್ನೂ ಅಂಟಿದ್ದ ಹಿಟ್ಟು, ಅದರ ಕೆಳಗೆ ನನ್ನ ಮಗಳು ಕಣ್ಣು ಮುಚ್ಚಿ ಕೂತಿದ್ದಳು.