ಹರವಿಗೊಂದು ಸುಳ್ಳು

ನೀಲಿ ಸತ್ತು ಆರು ದಿನವಾಗಿತ್ತು. ಆರು ದಿನದಿಂದಲೂ ಗುಡ್ಡಪ್ಪ ಹರವಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದರ ಮುಖ ನೋಡುತ್ತಿದ್ದ. ಹೆಣದ ಮುಂದೆ ಕೂತವರಾದರೂ ನಡುವೆ ಎದ್ದು ನೀರು ಕುಡಿದು ಬರುತ್ತಾರೆ, ಈ ಮನುಷ್ಯನಿಗೆ ಅದೂ ನೆನಪಿರಲಿಲ್ಲ.

ಚಿಕ್ಕೇರೂರಿನ ಗುಡ್ಡಪ್ಪ ಹಿರೇಕೆರೂರಿನ ಶಾಲೆಯಲ್ಲಿ ಒಳ್ಳೆಯ ಮಾಸ್ತರನಾಗಿದ್ದವನು. ಎಲ್ಲರಂತೆ ಮಕ್ಕಳಿಗೆ ಮಗ್ಗಿ ಹೇಳಿಕೊಂಡು ಇದ್ದುಬಿಡಬಹುದಿತ್ತು. ಆದರೆ ರಸಾಯನಶಾಸ್ತ್ರದ ಹುಚ್ಚು. ನೌಕರಿ ಬಿಟ್ಟು ಮುಂಬಯಿಗೆ ಹೋದ. ಯುದ್ಧ ಶುರುವಾಗಿ ಜರ್ಮನಿಯ ಬಣ್ಣಗಳು ಬರುವುದು ನಿಂತಾಗ ಅವನ ಪ್ರೊಫೆಸರರು, ನಮ್ಮ ನಾಡಿನ ನೀಲಿ ಎಷ್ಟು ಗಟ್ಟಿ ಎಂಬುದನ್ನು ಅಳೆದು ಪ್ರಬಂಧ ಬರೆ ಎಂದರು. ಹಾಗಾಗಿ ಮುಂಬಯಿಗೆ ಹೋದವನು ತಿರುಗಿ ಸವಣೂರಿಗೇ ಬಂದ. ನೂಲಿಗೆ ಬಣ್ಣ ಹಾಕುವ ಚಾಂದಬಿಯ ಹಿತ್ತಲಲ್ಲಿ, ಮೂರು ತಲೆಮಾರಿನಿಂದ ನೆಲದಲ್ಲಿ ಹೂತಿದ್ದ ನೀಲಿಯ ದೊಡ್ಡ ಮಣ್ಣಿನ ಹರವಿಯ ಪಕ್ಕ ತನ್ನ ಗಾಜಿನ ನಳಿಗೆಗಳನ್ನು ಹರಡಿಕೊಂಡ.

ನೀಲಿಯ ಹರವಿ ಬರೀ ಬಣ್ಣದ ನೀರಲ್ಲ. ನೀಲಿ, ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಎಲ್ಲ ಸೇರಿ ಹುದುಗಬೇಕು. ಬದುಕಿದ್ದರೆ ಮೇಲೆ ತಾಮ್ರದ ಹೊಳಪು ಕಟ್ಟುತ್ತದೆ, ಅದ್ದಿದ ನೂಲು ಹಸಿರಾಗಿ ಮೇಲೆದ್ದು ಗಾಳಿ ತಾಗಿದೊಡನೆ ನೀಲಿಯಾಗುತ್ತದೆ. ಸತ್ತರೆ ಕೊಳೆತ ರಾಡಿ, ಅಷ್ಟೆ. ಗುಡ್ಡಪ್ಪನ ಪ್ರಯೋಗಕ್ಕೆ ಮೂವತ್ತು ಲಡಿ ನೂಲು ಒಂದೇ ಹರವಿಯಲ್ಲಿ, ಒಂದೇ ಹುದುಗಿನಲ್ಲಿ ಅದ್ದಿದ್ದಾಗಿರಬೇಕು. ಇಪ್ಪತ್ತೇಳು ಆಗಿದ್ದವು. ಇನ್ನು ಮೂರು. ಪ್ರಬಂಧಕ್ಕೆ ಈಗಾಗಲೇ ಎರಡು ಸಲ ಗಡುವು ಬೇಡಿದ್ದ. ಈ ಮಾರ್ಚ್ ತಿಂಗಳೊಳಗೆ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆಂದು ಪ್ರೊಫೆಸರರು ಬರೆದಿದ್ದರು. ನಾಲ್ಕು ವರ್ಷದ ಬಾಳು ಆ ರಾಡಿಯಲ್ಲಿ ಮುಳುಗಿ ಕೂತಿತ್ತು.

ಅವನು ಮಾಡದೆ ಬಿಟ್ಟದ್ದೇನೂ ಇರಲಿಲ್ಲ. ಬೆಲ್ಲ ಹಾಕಿದ, ಸುಣ್ಣ ತೂಗಿ ಹಾಕಿದ, ಸುತ್ತಲೂ ಬಿಸಿ ಸಗಣಿ ಮೆತ್ತಿದ. ಹರವಿ ಮಿಸುಕಲಿಲ್ಲ. ಇನ್ನು ಉಳಿದದ್ದು ಒಂದೇ ಉಪಾಯ, ಅದನ್ನು ನೆನೆಯಲೂ ಅವನಿಗೆ ನಾಚಿಕೆ.

ಬಂದ ಹೊಸದರಲ್ಲಿ ಚಾಂದಬಿ ನಗುತ್ತಾ ಹೇಳಿದ್ದಳು. ನೀಲಿ ಕೆಟ್ಟರೆ ಬಣ್ಣದವರು ಊರಲ್ಲಿ ಒಂದು ಸುಳ್ಳು ಬಿಡುತ್ತಾರೆ. ಊರು ಅದನ್ನು ನಂಬಿದರೆ ನೀಲಿ ಬದುಕುತ್ತದೆ, ಅದ್ದುವುದು ಮುಗಿಯುವ ತನಕ ಮಾತ್ರ ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು. ತೀರಿಹೋದ ಅವಳ ಗಂಡ ಪೀರಸಾಬ ಒಮ್ಮೆ ದೊಡ್ಡಹುಣಸೆ ಮರ ಉರುಳಿತೆಂದು ಹಬ್ಬಿಸಿ ಅರ್ಧ ಸವಣೂರನ್ನು ಓಡಿಸಿದ್ದನಂತೆ. ಗುಡ್ಡಪ್ಪ ಅದನ್ನು ವಹಿಯಲ್ಲಿ ‘ಮೂಢನಂಬಿಕೆ’ ಎಂದು ಬರೆದು ಅಡಿಗೆರೆ ಎಳೆದಿದ್ದ.

ಏಳನೆಯ ದಿನ ಅಡಿಗೆರೆ ಎಳೆದ ಆ ಮಹಾಶಯನೇ ಸುಳ್ಳು ಹೇಳಲು ಪೇಟೆಗೆ ಹೊರಟ. ಚಾಂದಬಿ ಹಿಂದಿನ ದಿನವಷ್ಟೇ ತಂಗಿಯನ್ನು ನೋಡಲು ಬಂಕಾಪುರಕ್ಕೆ ಹೋಗಿದ್ದಳು, ಅದೂ ಒಂದು ಧೈರ್ಯ. ಕೋಟೆಯ ಗೋಡೆ ಕುಸಿಯಿತೆಂದ, ಯಾರೂ ತಲೆ ಎತ್ತಲಿಲ್ಲ. ಯುದ್ಧ ನಿಂತಿತೆಂದ, ಮಾಸ್ತರಿಗೆ ಬಿಸಿಲು ನೆತ್ತಿಗೇರಿದೆ ಎಂದು ನಕ್ಕರು. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು.

ಸೋತು ಎಲೆ ಅಂಗಡಿಯ ಮುಂದೆ ನಿಂತ. ಅಂಗಡಿಯವನು ಎಂದಿನಂತೆ, ಚಾಂದಬಿಯ ಮಗ ಮುನಾಫನ ಸುದ್ದಿ ಏನಾದರೂ ಬಂತೇ ಎಂದು ಕೇಳಿದ. ಮುನಾಫ ಫೌಜಿಗೆ ಸೇರಿ ಸಿಂಗಪುರಕ್ಕೆ ಹೋದವನು. ಆ ಊರು ಶತ್ರುಗಳ ಕೈಸೇರಿ ವರ್ಷ ದಾಟಿದ್ದರೂ ಅವನಿಂದ ಒಂದು ಸಾಲಿಲ್ಲ. ಎಲ್ಲರೂ ಕೇಳುತ್ತಿದ್ದರು, ಗುಡ್ಡಪ್ಪ ತಲೆ ಅಲ್ಲಾಡಿಸುತ್ತಿದ್ದ. ಆ ದಿನ ಅಲ್ಲಾಡಿಸಲಿಲ್ಲ.

“ಕಾಗದ ಬಂದೈತ್ರಿ,” ಎಂದ. “ಕೈದ್ಯಾಗ ಅದಾನಂತ. ಆರಾಮ ಅದಾನಂತ.”

ಅಂಗಡಿಯವನು ಕೈಯಲ್ಲಿದ್ದ ಎಲೆ ಕೆಳಗಿಟ್ಟು ಎದ್ದು ನಿಂತುಬಿಟ್ಟ. ಅವನ ಕಣ್ಣಲ್ಲಿ ನೀರು ಕಂಡಿತು. ಗುಡ್ಡಪ್ಪನಿಗೆ ಆ ಕ್ಷಣವೇ ತಪ್ಪಾಯಿತೆಂದು ಹೇಳುವ ಅವಕಾಶವಿತ್ತು. ಹೇಳಲಿಲ್ಲ. ಸುಳ್ಳು ನಾಟಿತು ಎಂಬುದನ್ನಷ್ಟೇ ಕಂಡ. ಚಾಂದಬಿ ಬರಲು ಇನ್ನೂ ಎರಡು ದಿನವಿದೆ, ಅಷ್ಟರಲ್ಲಿ ಮೂರು ಲಡಿ ಅದ್ದಿ, ಅವಳನ್ನು ಬಸ್ಸಿನ ಹತ್ತಿರವೇ ತಡೆದು ಕಾಲಿಗೆ ಬಿದ್ದರಾಯಿತು ಎಂದು ಲೆಕ್ಕ ಹಾಕಿದ. ಓದಿದವರ ಲೆಕ್ಕ ಹಾಗೆಯೇ ಇರುತ್ತದೆ.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ತಾಮ್ರದ ಹೊಳಪು! ನಾತ ಹೋಗಿ ಹುದುಗಿನ ಸಿಹಿ ವಾಸನೆ ಬಂದಿತ್ತು. ಹಿಂದಿನ ಆರು ದಿನ ಹಾಕಿದ ಬೆಲ್ಲ, ಸಗಣಿಯ ಬಿಸಿ ಈಗ ಕೆಲಸ ಮಾಡಿವೆ, ಬೇರೇನಲ್ಲ ಎಂದು ಅವನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಲಡಿ ಅದ್ದಿದ. ಒಂದು ಮುಗಿಯಿತು. ಎರಡನೆಯದನ್ನು ಎತ್ತುವಾಗ ಹಿತ್ತಲ ಬಾಗಿಲು ಸದ್ದಾಯಿತು.

ಚಾಂದಬಿ ಬಂದಿದ್ದಳು. ಇದ್ದಿಲ ಗ್ಯಾಸಿನಿಂದ ಓಡುವ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು, ಕಂಕುಳ ಗಂಟು ಇನ್ನೂ ಕಂಕುಳಲ್ಲೇ ಇತ್ತು. ಕಾಗದ ಎಲ್ಲಿ ಎಂದು ಕೇಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಹರವಿಯ ಹತ್ತಿರ ಹೋಗಿ ಬೆರಳದ್ದಿ ಮೂಸಿದಳು, ನಾಲಿಗೆಗೆ ಮುಟ್ಟಿಸಿದಳು. ನಂತರ ಮೆಲ್ಲಗೆ ಕೂತಳು.

“ಬದುಕೇತಿ,” ಎಂದಳು.

ಗುಡ್ಡಪ್ಪ ಎರಡನೆಯ ಲಡಿಯನ್ನು ಹಗ್ಗಕ್ಕೆ ಹಾಕಿದ.

“ನಿನ್ನಿ ಸಂಜೀಗೆ ಬಂಕಾಪುರಕ್ಕ ಸುದ್ದಿ ಮುಟ್ಟೇತ್ರಿ, ಮಾಸ್ತರ. ದಾರಿತುಂಬ ಅಲ್ಲಾಗ ಒಂದ ಬೇಡ್ಕೊಂಡೇನಿ, ನೀಲಿ ಸತ್ತ ಇರಲಿ ಅಂತ. ನೀಲಿ ಸತ್ತಿದ್ರ ಮಾತು ಖರೆ ಇರ್ತಿತ್ತು.”

ಅವನು ಅವಳ ಕಾಲ ಬಳಿ ಕುಸಿದ. ನೀಲಿಗೂ ಮಾತಿಗೂ ಸಂಬಂಧವೇ ಇಲ್ಲ, ಬೆಲ್ಲದಿಂದ ಬದುಕಿತು, ಶಾಸ್ತ್ರ ಇದೆ ಎಂದು ಏನೇನೋ ತೊದಲಿದ. ಅವಳು ಒಮ್ಮೆಲೇ ತಲೆ ಎತ್ತಿದಳು. ಆ ಕಣ್ಣಲ್ಲಿ ಎದ್ದ ಆಸೆಯನ್ನು ಅವನು ಸಾಯುವ ತನಕ ಮರೆಯಲಿಲ್ಲ.

“ಹಂಗಾರ ಕಾಗದ ತೋರಸ್ರಿ.”

ಅವನು ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಗದ್ದಲ. ನೆರೆಮನೆಯ ಮುಮ್ತಾಜಬೇಗಂ ಬಟ್ಟಲಲ್ಲಿ ಸಕ್ಕರೆ ತಂದಿದ್ದಳು, ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು. ಯುದ್ಧದ ದಿನಗಳಲ್ಲಿ ಸಕ್ಕರೆ ಸುಲಭಕ್ಕೆ ಸಿಗುವ ವಸ್ತುವಲ್ಲ. ಗುಡ್ಡಪ್ಪ ಎದ್ದ. ಈಗ ಹೇಳಿಬಿಡುತ್ತೇನೆ, ಪ್ರಬಂಧ ಹಾಳಾಗಿ ಹೋಗಲಿ ಎಂದು ಬಾಗಿಲ ಕಡೆ ಹೆಜ್ಜೆ ಇಟ್ಟ. ಚಾಂದಬಿ ಅವನ ಅಂಗಿಯ ಚುಂಗು ಹಿಡಿದು ನಿಲ್ಲಿಸಿದಳು.

“ಇನ್ನ ಎಷ್ಟ ಲಡಿ ಉಳದಾವ್ರಿ?”

“ಒಂದು, ಅವ್ವಾ.”

“ಅದ್ದರಿ. ನನ್ನ ಮಗನ ಹೆಸರ ಹಾಕಿ ಬದುಕಿಸಿದ್ದನ್ನ ಮತ್ತ ಕೊಲ್ಲಬ್ಯಾಡ್ರಿ.”

ಬೆರಳ ನೀಲಿಯನ್ನು ಸೆರಗಿಗೆ ಒರೆಸಿಕೊಂಡು ಅವಳು ಹೊರಗೆ ಹೋದಳು. ಮುಮ್ತಾಜಬೇಗಂ ಅಳುತ್ತಾ, ನಗುತ್ತಾ ಅವಳನ್ನು ತಬ್ಬಿಕೊಂಡು ಚಿಟಿಕೆ ಸಕ್ಕರೆ ಮುಂದೆ ಹಿಡಿದಳು. ಚಾಂದಬಿ ಬಾಯಿ ತೆರೆದು ತಿಂದಳು. ಎರಡನೆಯವಳು ಕೊಟ್ಟದ್ದನ್ನೂ ತಿಂದಳು, ಮೂರನೆಯವಳದ್ದನ್ನೂ. ಹಿತ್ತಲಲ್ಲಿ ಗುಡ್ಡಪ್ಪ ಮೂವತ್ತನೆಯ ಲಡಿಯನ್ನು ಹರವಿಗೆ ಇಳಿಸಿ, ಹೊರಗಿನ ಹಾರೈಕೆಯ ಮಾತುಗಳನ್ನು ಕೇಳುತ್ತಾ ಬಿಕ್ಕಿಬಿಕ್ಕಿ ಅತ್ತ.