ಗಂಟೆ ಕೈ, ಆರತಿ ಕೈ

ಕುದುರೆಯ ಎಡಗಿವಿ ಹಿಂದಕ್ಕೆ ತಿರುಗಿತು, ಅಂದರೆ ಜಮುನಾ ಬೆನ್ನ ಮೇಲಿರುವವಳನ್ನು ಅಳೆಯುತ್ತಿದೆ, ಅಳೆಯಲಿ, ಪ್ರಿಯಂವದೆಗೂ ತನ್ನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ — ಹೋದ ತಿಂಗಳು ಆಯ ತಪ್ಪಿದಾಗ ಲಗಾಮಿಗೇ ಜೋತುಬಿದ್ದು ಈ ಬಡಪಾಯಿ ಕುದುರೆಯ ಬಾಯಂಚು ಸೀಳಿದವಳು ಅವಳೇ ತಾನೆ, ಕುಂಕುಮದ ಗೀರಿನಂಥ ಗಾಯ, ಕಣ್ಣು ಮುಚ್ಚಿದರೆ ಅದೇ, ಅನ್ನ ಕಲೆಸುವಾಗಲೂ ಅದೇ. ಇನ್ನೊಂದ್ ಸಲ ಬಾಯಿಗೆ ಏಟಾದ್ರೆ ನಿಮ್ಮುನ್ನ ಕುದ್ರೆ ಅತ್ಸಕಿಲ್ಲ ಕಣಮ್ಮ, ಎಂದುಬಿಟ್ಟಿದ್ದಾರೆ ಸವಾರಿ ಕಲಿಸುವ ದೇವರಾಜು, ಸೊಂಟ ಅದ್ರ ಬೆನ್ನಿನ್ ಜೊತೆ ಓಗ್ಲಿ, ಕೈ ಅದ್ರ ಬಾಯಿನ್ ಜೊತೆ ಇರ್ಲಿ, ಒಂದಕ್ಕೊಂದು ಅಂಟಿಸ್ಬ್ಯಾಡಿ. ಹೇಳುವುದು ಸುಲಭ. ಕುದುರೆ ಕಂಡರೆ ಕಾಲುನೋವು ಅಂತ ಕೇಳಿದ್ದೆ, ನಿನಗೇನೇ ಕೈನೋವು, ಅಂಗೈಯ ಬೊಬ್ಬೆ ನೋಡಿ ಅಮ್ಮ ನಕ್ಕಿದ್ದು, ಜಮುನಾ ಈಗ ಕುಕ್ಕುಲೋಟಕ್ಕೆ ಬಿತ್ತು, ಸೊಂಟ ಕುಣಿಯುತ್ತಿದೆ, ಕೈ — ಗಂಟೆ ಕೈ ಬೇರೆ ಆರತಿ ಕೈ ಬೇರೆ ಕಣೋ, ಹೊಳೆನರಸೀಪುರದ ಗುಡಿಯಲ್ಲಿ ಅರ್ಚಕರಾದ ಅಪ್ಪ ತಮ್ಮನಿಗೆ ಹೇಳಿಕೊಡುವಾಗ ಕಂಬದ ಮರೆಯಲ್ಲಿ ಇವಳು ಬರಿಗೈಯಲ್ಲೇ ಕಲಿತದ್ದು, ಎಡಗೈ ಗಡಗಡ ಅಲ್ಲಾಡಬೇಕು, ಬಲಗೈಯಲ್ಲಿ ಜ್ವಾಲೆ ಕದಲಬಾರದು, ಇವಳ ಕೈಗೆ ಯಾರೂ ಆರತಿ ಕೊಡಲಿಲ್ಲ, ಆ ಹೊಟ್ಟೆಯುರಿ ಇನ್ನೂ ಇದೆ, ಇರಲಿ. ಅಭಿಷೇಕದ ನೀರು ಚೆಲ್ಲಿದ್ದ ಮೆಟ್ಟಿಲಲ್ಲಿ ಅಪ್ಪ ಒಮ್ಮೆ ಜಾರಿ ಬಿದ್ದರು, ಮೊಣಕೈ ತರಚಿಹೋಯಿತು, ಆರತಿ ಆರಲಿಲ್ಲ. ಕಂಬ ಹಿಡ್ಕೋಬಾರದಿತ್ತೇನ್ರೀ, ಎಂದು ಅಮ್ಮ, ಹಿಡ್ಕೊಳ್ಳೋಕೆ ಕೈಗೆ ಬಿಡುವೆಲ್ಲಿತ್ತೇ, ಎಂದು ಅಪ್ಪ, ಅರಿಶಿನ ಮೆತ್ತಿದ ಮೊಣಕೈ — ಕೈ ಸುಮ್ಮನಿದೆ, ಅರೆ, ಸೊಂಟ ಕುಣಿಯುತ್ತಲೇ ಇದೆ, ಕೈ ಮಾತ್ರ ಸುಮ್ಮನೆ, ಲಗಾಮಿನ ತುದಿಯಲ್ಲಿ ಕುದುರೆ ಕಡಿವಾಣ ಜಗಿಯುವುದು ಬೆರಳಿಗೆ ತಿಳಿಯುತ್ತಿದೆ.

ಬೇಲಿಯಾಚೆ ಅರಕಲಗೂಡಿನ ಬಸ್ಸು ಹಾರ್ನ್ ಹೊಡೆಯಿತು, ಜಮುನಾ ಬೆದರಿ ಪಕ್ಕಕ್ಕೆ ಹಾರಿತು, ಜೀನು ಜಾರುತ್ತಿದೆ, ಆಕಾಶ ಓರೆಯಾಗುತ್ತಿದೆ, ಮುಷ್ಟಿ ತಾನಾಗಿ ಬಿಗಿಯಲು ಹೊರಟಿದೆ, ಎಳೆದರೆ ಉಳಿಯುತ್ತಾಳೆ, ಎಳೆದರೆ ಆ ಗೀರು — ಬಿಡುವಿಲ್ಲ, ಕೈಗೆ ಬಿಡುವಿಲ್ಲ, ಬೆರಳು ಬಿಚ್ಚಿಕೊಂಡವು. ಧೊಪ್ಪೆಂದಿತು. ಬಾಯಲ್ಲಿ ಮಣ್ಣು, ಭುಜ ತನ್ನದಲ್ಲವೆನ್ನುವಷ್ಟು ನೋವು. ದೇವರಾಜು ಓಡಿ ಬರುತ್ತಿದ್ದಾರೆ, ಲಗಾಮ್ ಹಿಡ್ಕಂಡಿದ್ರೆ ಬೀಳ್ತಿರ್ಲಿಲ್ವಲ್ಲಮ್ಮ, ಯಾಕ್ ಬುಟ್ಬುಟ್ರಿ, ಅವಳ ಕಣ್ಣು ಕುದುರೆಯ ಬಾಯಿ ಹುಡುಕುತ್ತಿದೆ, ಜಮುನಾ ಬಳಿಗೆ ಬಂದು ಮೂಗು ಚಾಚಿದೆ, ಬಿಸಿಯುಸಿರು, ಬಾಯಂಚಲ್ಲಿ ನೊರೆ, ನೊರೆ ಬೆಳ್ಳಗಿದೆ, ಕೆಂಪಿಲ್ಲ, ಅದರಡಿ ಗೀರು, ಹಳೆಯದೇ, ಒಣಗಿದ್ದೇ, ಆ ಗೀರು —