ಕಂಪನಿ ಕರೆದರೆ ಕಾರು ಒಯ್ಯಬೇಕೆ?

ಐಲರ್ಟನ ಮನೆಗೆ ಮೂರನೆಯ ಕಾಗದ ಬಂದದ್ದು ಜುಲೈ ಕೊನೆಯ ಮಂಗಳವಾರ. ಮೊದಲಿನ ಎರಡನ್ನು ಅವನು ಓದಿ, ಜೇನುಗೂಡಿಗೆ ಹೊಗೆ ಹಾಕುವ ಡಬ್ಬಿಯಲ್ಲಿ ತುರುಕಿ ಬೆಂಕಿ ಹಚ್ಚಿದ್ದ. ಎರಡೂ ಕಾರಿನ ಕಂಪನಿಯವು. ನಿಮ್ಮ ಡೀಸೆಲ್ ಕಾರಿನ ಎಂಜಿನ್ನಿಗೆ ಒಂದು ತಿದ್ದುಪಡಿ ಆಗಬೇಕಿದೆ, ವರ್ಕ್‌ಶಾಪಿಗೆ ತನ್ನಿ, ಖರ್ಚು ನಮ್ಮದು ಎಂದು ಬರೆದಿತ್ತು. ಖರ್ಚು ನಮ್ಮದು ಎಂಬ ಮಾತೇ ಅವನಿಗೆ ಸಂಶಯ ಹುಟ್ಟಿಸಿತು. ಎಂಟು ವರ್ಷದಲ್ಲಿ ಆ ಕಂಪನಿ ಅವನಿಗೆ ಒಂದು ತಿರುಪನ್ನೂ ಪುಕ್ಕಟೆ ಕೊಟ್ಟಿರಲಿಲ್ಲ.

ಮೂರನೆಯದು ಕಂಪನಿಯದಲ್ಲ, ಜಿಲ್ಲೆಯ ವಾಹನ ಕಚೇರಿಯದು. ಹೆಂಡತಿ ತೊಮ್ಮಾ ಅದನ್ನು ಗಟ್ಟಿಯಾಗಿ ಓದಿದಳು. ಆಗಸ್ಟ್ ಎಂಟರೊಳಗೆ ತಿದ್ದುಪಡಿ ಮಾಡಿಸಿದ ಚೀಟಿ ತೋರಿಸದಿದ್ದರೆ ಆ ಕಾರು ರಸ್ತೆಗೆ ಇಳಿಯುವಂತಿಲ್ಲ.

"ಹೀತ್ ಬಯಲಲ್ಲಿ ಹೂ ಬಿಡೋದೂ ಅದೇ ವಾರ," ಎಂದಳು ತೊಮ್ಮಾ. "ಮೂವತ್ತಾರು ಗೂಡು. ನೂರೈವತ್ತು ಕಿಲೋಮೀಟರ್ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ?"

ಈ ಕಡಲ ಏರಿಯ ಊರುಗಳಲ್ಲಿ ಜುಲೈ ಮುಗಿದರೆ ಜೇನಿಗೆ ಹೂವಿಲ್ಲ. ನೇರಳೆ ಹೂವಿನ ಕುರುಚಲು ಗಿಡ ಹಬ್ಬಿದ ಹೀತ್ ಬಯಲಿಗೆ ಗೂಡು ಸೇರದಿದ್ದರೆ ವರ್ಷದ ಅರ್ಧ ಜೇನು ಹೋಯಿತು.

ನಾಲ್ಕು ಗಂಟೆಗೆ ಪಕ್ಕದ ಮನೆಯ ಓಕ್ಕಾ ಚಹಾಕ್ಕೆ ಬಂದಳು. ವಾಹನ ತಪಾಸಣೆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ತೊಮ್ಮಾ ಕಪ್ಪಿನಲ್ಲಿ ಕಲ್ಲುಸಕ್ಕರೆ ಇಟ್ಟು ಚಹಾ ಸುರಿದಳು. ಸಕ್ಕರೆ ಚಟಚಟ ಸಿಡಿಯಿತು. ಓಕ್ಕಾ ಕಾಗದ ನೋಡಿ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡಳು.

"ಇದನ್ನ ಹೊಗೆಡಬ್ಬಿಗೆ ಹಾಕೋ ಹಾಗಿಲ್ಲ ಮಾರಾಯ. ಕಾರು ತಗೊಂಡು ಹೋಗು."

ಐಲರ್ಟ್ ಒಂದೇ ಗುಟುಕಿಗೆ ಚಹಾ ಮುಗಿಸಿ ಚಮಚವನ್ನು ಕಪ್ಪಿನೊಳಗೆ ಇಟ್ಟ. ಸಾಕು, ಇನ್ನು ಬೇಡ ಎಂದು ಅದರ ಅರ್ಥ. ತೊಮ್ಮಾಳ ಮುಖ ಕೆಂಪಾಯಿತು. ಮೂರು ಕಪ್ ಕುಡಿಯದೆ ಏಳುವುದು ಆ ಸೀಮೆಯಲ್ಲಿ ಮನೆಗೆ ಬಂದವರನ್ನು ಆಚೆ ತಳ್ಳಿದ ಹಾಗೆ. ಓಕ್ಕಾ ಸಿಟ್ಟಾಗಲಿಲ್ಲ. ಕೈ ಚಾಚಿ ಅವನ ಚಮಚ ತೆಗೆದು ಬಸಿಯ ಮೇಲಿಟ್ಟಳು.

"ಇನ್ನೂ ಎರಡು ಕಪ್ ಬಾಕಿ ಇದೆ. ಅಷ್ಟು ಹೊತ್ತು ನೀನು ಕೂತಿರಲೇಬೇಕು. ಹೊಟ್ಟೇಲಿ ಇರೋದನ್ನ ಹೇಳು."

"ಮೋಸ ಮಾಡಿದೋನೇ ಬಾಗಿಲು ತಟ್ಟಿ, ಕೀಲಿ ಕೊಡು ಸರಿಮಾಡ್ತೀನಿ ಅಂತಾನೆ. ನೀನಾಗಿದ್ರೆ ಕೊಡ್ತಿದ್ದೆಯಾ?"

"ಕೊಡ್ತಿದ್ದೆ. ಪಕ್ಕದಲ್ಲೇ ನಿಂತ್ಕೋತಿದ್ದೆ."

"ಅಲ್ವೇ ಓಕ್ಕಾ, ಎರಡು ವರ್ಷಕ್ಕೊಂದ್ಸಲ ಈ ಕಾರಿಗೆ ಸ್ಟಿಕರ್ ಅಂಟಿಸಿದ್ದು ನೀನೇ. ಚೆನ್ನಾಗಿದೆ ಅಂದಿದ್ದೂ ನೀನೇ. ಆಗ ಸುಳ್ಳು ಹೇಳಿದ್ದೆಯಾ, ಈಗ ಹೇಳ್ತಿದ್ದೀಯಾ?"

ಆ ಮಾತು ಓಕ್ಕಾಳಿಗೆ ತಾಗಿತು. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನಾನು ನೋಡ್ತಿದ್ದದ್ದು ಕರಿ ಹೊಗೆ. ಈಗ ಗಲಾಟೆ ಆಗಿರೋ ವಿಷಗಾಳಿ ಕಣ್ಣಿಗೆ ಕಾಣೋದಲ್ಲ. ಅದನ್ನ ಅಳೆದದ್ದು ಈ ಮಾದರಿ ಕಾರು ಮಾರಾಟಕ್ಕೆ ಬರೋ ಮುಂಚೆ, ಪ್ರಯೋಗಶಾಲೇಲಿ. ಅಲ್ಲಿ ಕಾರು ನಿಂತಲ್ಲೇ ಉರುಳೆ ಮೇಲೆ ಓಡುತ್ತೆ. ಚಕ್ರ ತಿರುಗುತ್ತೆ, ಸ್ಟೀರಿಂಗ್ ಅಲ್ಲಾಡಲ್ಲ. ಇಂಥ ಗುರುತು ನೋಡ್ಕೊಂಡೇ ಒಳಗಿನ ಸಾಫ್ಟ್‌ವೇರು, ಓಹೋ ಇದು ಪರೀಕ್ಷೆ ಅಂತ ಸಾಧುವಿನ ಹಾಗೆ ಉಸಿರಾಡ್ತಿತ್ತು. ರಸ್ತೆಗಿಳಿದ ಮೇಲೆ ತನ್ನ ಬುದ್ಧಿ ತೋರಿಸ್ತಿತ್ತು. ನನಗೂ ಮೋಸ ಆಯ್ತು, ನಿನಗೂ ಆಯ್ತು."

"ನಮ್ಮೂರಲ್ಲಿ ಹಾಲು ಮಾರೋ ಮೈನ್‌ಹಾರ್ಟನ ಕೊಟ್ಟಿಗೆ ಥರ," ಎಂದಳು ತೊಮ್ಮಾ ಎರಡನೆಯ ಕಪ್ ಸುರಿಯುತ್ತ. "ಹಾಲಿನ ಇನ್ಸ್‌ಪೆಕ್ಟರ್ ಬರೋ ದಿನ ಹಸುವಿನ ಬಾಲಕ್ಕೂ ಸೋಪು."

ಓಕ್ಕಾ ನಕ್ಕಳು. ಐಲರ್ಟ್ ನಗಲಿಲ್ಲ.

"ಸರಿಮಾಡಿದ ಮೇಲೆ ಎಂಜಿನ್ ಸೊರಗುತ್ತಂತೆ, ಡೀಸೆಲ್ ಜಾಸ್ತಿ ಕುಡಿಯುತ್ತಂತೆ. ಟ್ರೇಲರ್ ಎಳೆಯೋರು ಯಾರು, ನೀನಾ?"

"ಆಗಬಹುದು, ಆಗದೇನೂ ಇರಬಹುದು. ಏನೂ ಆಗಲ್ಲ ಅಂತ ನಾನು ಆಣೆ ಇಡಲ್ಲ. ನಿನ್ನ ಒಂದೊಂದು ಗೂಡಿನ ಮುಚ್ಚಳದ ಕೆಳಗೂ ಚೀಟಿ ಇಟ್ಟಿದೀಯಲ್ಲ, ಯಾವತ್ತು ತೆರೆದೆ, ಎಷ್ಟು ತೂಕ ಇತ್ತು, ರಾಣಿ ಹೇಗಿದ್ದಳು ಅಂತ? ಕಾರಿಗೂ ಅಂಥದ್ದೇ ಒಂದು ಚೀಟಿ ಮಾಡು. ಇವತ್ತು ಎಷ್ಟು ಕಿಲೋಮೀಟರ್ ಓಡಿದೆ, ಲೀಟರಿಗೆ ಎಷ್ಟು ಕೊಡುತ್ತೆ, ಈಗ ಎಂಜಿನ್ ಹೇಗಿದೆ, ಎಲ್ಲ ಬರಿ. ಮಾಡಿಸಿದ ಮೇಲೂ ಬರಿ. ಏನಾದ್ರೂ ಕೆಟ್ಟರೆ ಗ್ರಾಹಕ ಸಲಹಾ ಕೇಂದ್ರಕ್ಕೆ ಹೋಗೋಣ. ಪರಿಹಾರ ಕೇಳೋಕೂ ಗಡುವು ಇರುತ್ತೆ, ಅದನ್ನೂ ವಿಚಾರಿಸೋಣ. ಬರೀ ಬಾಯಲ್ಲಿ ಬೈದರೆ ಯಾರು ಕೇಳ್ತಾರೆ?"

"ಬಿಟ್ಟುಬಿಟ್ಟರೆ? ಹಾಗೇ ಓಡಿಸಿದ್ರೆ?"

"ಪೊಲೀಸರು ಹಿಡೀತಾರೆ. ಅದಿರಲಿ. ದಿನಾ ಬೆಳಿಗ್ಗೆ ನೀನು ಕಾರು ಬಿಸಿ ಮಾಡೋದು ಎಲ್ಲಿ? ಶಾಲೆ ಬಸ್ಸಿಗೆ ಮಕ್ಕಳು ಕಾಯೋ ಜಾಗದಲ್ಲಿ. ಆ ಗಾಳಿ ನೇರ ಎದೆಗೂಡಿಗೆ ಇಳಿಯುತ್ತೆ ಐಲರ್ಟ್."

ಅವನು ಮೂರನೆಯ ಕಪ್ಪನ್ನು ನಿಧಾನವಾಗಿ ಕುಡಿದ. ಆಮೇಲೆ ಎದ್ದು, ಗೂಡಿನ ಚೀಟಿಗಳ ಕಟ್ಟಿನಿಂದ ಒಂದು ಖಾಲಿ ಚೀಟಿ ಎಳೆದುಕೊಂಡು ಅಂಗಳಕ್ಕೆ ಹೋದ.

ಶುಕ್ರವಾರ ಕಾರು ಒಯ್ದ. ವರ್ಕ್‌ಶಾಪಿನವರು ಒಳಗೆ ಕೂರಿ, ಕಾಫಿ ಇದೆ ಎಂದರು.

"ಕಾಫಿ ಬೇಡ. ಇಲ್ಲೇ ನಿಲ್ತೀನಿ."

ಬೋಳುತಲೆಯ ಮೆಕ್ಯಾನಿಕ್ ಒಬ್ಬ ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಸಿಕ್ಕಿಸಿದ. ಐಲರ್ಟ್ ಕೈಕಟ್ಟಿಕೊಂಡು ಅವನ ಬೆರಳುಗಳನ್ನೇ ನೋಡುತ್ತ ನಿಂತ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

"ಇಷ್ಟೇನಾ?"

"ಇಷ್ಟೇ ಯಜಮಾನ್ರೇ."

"ಮೋಸ ಮಾಡೋಕೂ ಇಷ್ಟೇ ಹೊತ್ತು ಸಾಕಾಗಿತ್ತಾ?"

ಮೆಕ್ಯಾನಿಕ್ ತಲೆ ತಗ್ಗಿಸಿ ತಂತಿ ಸುತ್ತಿಕೊಂಡ. ತಿದ್ದುಪಡಿಯ ಚೀಟಿಗೆ ಮುದ್ರೆ ಒತ್ತಿ ಕೊಟ್ಟ. ಇದರಿಂದ ಎಂಜಿನ್ನಿಗೆ ಏನೂ ಆಗುವುದಿಲ್ಲ ಎಂದು ಬರೆದುಕೊಡು ಎಂದು ಐಲರ್ಟ್ ಕೇಳಿದಾಗ, ಅದು ನನ್ನ ಕೈಲಿಲ್ಲ ಎಂದ. ಐಲರ್ಟ್ ಜಗಳವಾಡಲಿಲ್ಲ. ತನ್ನ ಚೀಟಿಯಲ್ಲಿ ತಾರೀಖು ಹಾಕಿ, ಅವನ ಹೆಸರು ಕೇಳಿ, 'ಕೇಳಿದೆ, ಬರೆದುಕೊಡಲಿಲ್ಲ' ಎಂದು ಬರೆದು, ಅವನಿಗೇ ಓದಿ ಹೇಳಿದ.

ಮುದ್ರೆಯ ಚೀಟಿ ಸೋಮವಾರವೇ ಜಿಲ್ಲಾ ಕಚೇರಿ ಸೇರಿತು. ಆಗಸ್ಟ್ ಒಂಬತ್ತರ ಬೆಳಗಿನ ಜಾವ, ಜೇನುಹುಳುಗಳು ಹೊರಬೀಳುವ ಮೊದಲೇ, ಗೂಡುಗಳನ್ನು ಟ್ರೇಲರಿಗೆ ಹೇರಿ ಗಂಡ ಹೆಂಡತಿ ಹೊರಟರು. ದಾರಿಯುದ್ದಕ್ಕೂ ಅವನು ರೇಡಿಯೊ ಹಾಕಗೊಡಲಿಲ್ಲ. ಎಂಜಿನ್ನಿನ ಸದ್ದು ಕೇಳಬೇಕಿತ್ತು. ಸೇತುವೆಯ ಏರಿನಲ್ಲಿ ಕಾರು ತುಸು ತಡವರಿಸಿದ ಹಾಗಾಯಿತೋ ಅಥವಾ ಅವನಿಗೇ ಹಾಗನ್ನಿಸಿತೋ. ಬಯಲು ಮುಟ್ಟಿದ ಕೂಡಲೇ ಅದನ್ನೂ ಬರೆದ. ಬಯಲು ನೇರಳೆ ಬಣ್ಣಕ್ಕೆ ತಿರುಗಿತ್ತು. ಗೂಡಿನ ಬಾಗಿಲು ತೆಗೆದದ್ದೇ ತಡ, ಹುಳುಗಳು ಹೂವಿನ ಕಡೆ ಹಾರಿದವು.

"ಈಗಲಾದ್ರೂ ನಂಬಿಕೆ ಬಂತಾ?" ಎಂದಳು ತೊಮ್ಮಾ.

"ಕಾರಿನ ಮೇಲೆ ಬಂತು. ಕಂಪನಿ ಮೇಲೆ ಇಲ್ಲ."

ಓದುತ್ತಿರುವವರೇ, ನಿಮ್ಮ ಮನೆಗೂ ಇಂಥದ್ದೊಂದು ಕಾಗದ ಬಂದಿರಬಹುದು. ಸುಡಬೇಡಿ, ಮಡಚಿ ಮರೆಯಬೇಡಿ. ಅದು ನಿಮ್ಮ ಕಾರಿನದೇ ಹೌದೋ ಎಂದು ನಂಬರ್ ನೋಡಿ, ಕಚೇರಿಗೆ ಫೋನ್ ಮಾಡಿ ಕೇಳಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಬರೆದಿಡಿ, ಮುದ್ರೆಯಿರುವ ಚೀಟಿ ಕೇಳಿ ಪಡೆಯಿರಿ. ಸಂಶಯವನ್ನು ಮನೆಯಲ್ಲಿ ಬಿಟ್ಟು ಹೋಗಿ ಎಂದು ನಾವು ಹೇಳುವುದಿಲ್ಲ. ಅದನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ಆದರೆ ಹೋಗಿ.